ಮಡಗಾಸ್ಕರ್ ಬಾತು: ನೀರಿದ್ದರೆ ಸಾಲದು

ಆಫ್ರಿಕಾ ಖಂಡದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪದಲ್ಲಿ ಮಾತ್ರ ಕಾಣುವ ಒಂದು ಜಾತಿಯ ಮುಳುಗು ಬಾತಿದೆ. ಇದಕ್ಕೆ ಮಡಗಾಸ್ಕರ್ ಪೋಚಾರ್ಡ್ ಎಂದು ಹೆಸರು. ಚಳಿಗಾಲದಲ್ಲಿ ನಮ್ಮ ನಾಡಿನ ಕೆರೆಗಳಿಗೂ ವಲಸೆ ಬರುವ ಕೆಂದಲೆ ಬಾತಿನ ಹತ್ತಿರದ ಸಂಬಂಧಿ. ಇಂದು ಪ್ರಪಂಚದ ಅತಿ ವಿರಳ ಬಾತುಗಳಲ್ಲಿ ಇದೂ ಒಂದು.

ಗುರುತು ಮತ್ತು ಜೀವನಕ್ರಮ

ಮೈಬಣ್ಣ ಗಾಢ ಕಂದು, ಹೊಟ್ಟೆ ಬಿಳಿ. ಗಂಡಿನ ಕಣ್ಣು ಬಿಳಿ, ಹೆಣ್ಣಿನದು ಕಂದು. ನೀರಿನಲ್ಲಿ ಮುಳುಗಿ ತಳದಲ್ಲಿರುವ ಕೀಟಗಳ ಮರಿಹುಳುಗಳನ್ನು ಹಿಡಿದು ತಿನ್ನುತ್ತದೆ. ದಡದ ದಟ್ಟವಾದ ಜೊಂಡಿನ ಮರೆಯಲ್ಲಿ ಗೂಡು ಮಾಡುತ್ತದೆ. ಆದ್ದರಿಂದ ಆಳವಿಲ್ಲದ ತಿಳಿನೀರು, ತಳದಲ್ಲಿ ಆಹಾರ, ದಡದಲ್ಲಿ ಜೊಂಡು ಇವು ಮೂರೂ ಒಂದೆಡೆ ಇರಬೇಕು.

ನೆಲೆ ತಪ್ಪಿದ ಬಗೆ

ಅಲಾವೋತ್ರ ಸರೋವರದ ಬಯಲು ಆ ದೇಶದ ಭತ್ತದ ಕಣಜ. ಈ ಬಾತಿನ ಮುಖ್ಯ ನೆಲೆಯೂ ಅದೇ ಆಗಿತ್ತು. ಸುತ್ತಲಿನ ಗುಡ್ಡಗಳ ಕಾಡು ಕಡಿದ ಮೇಲೆ ಮಣ್ಣು ಕೊಚ್ಚಿ ಬಂದು ಸರೋವರದಲ್ಲಿ ಹೂಳು ತುಂಬಿತು. ಗದ್ದೆಗಾಗಿ ಜೊಂಡಿನ ಜವುಗು ಕರಗಿತು. ಹೊರಗಿನಿಂದ ತಂದು ಬಿಟ್ಟ ಮೀನುಗಳಿಂದ ನೀರುಸಸ್ಯಗಳು ಹಾಳಾದವು. ಬೇಟೆ ಮತ್ತು ಮೀನುಬಲೆಗಳಿಗೂ ಬಾತುಗಳು ಬಲಿಯಾದವು. ಅಲ್ಲಿ ಕೊನೆಯದಾಗಿ 1991ರಲ್ಲಿ ಒಂದೇ ಒಂದು ಗಂಡು ಸಿಕ್ಕಿತು. ಆಮೇಲೆ ಈ ಜಾತಿಯೇ ಅಳಿಯಿತೆಂದು ಭಾವಿಸಲಾಗಿತ್ತು.

ಮರಳಿ ಸಿಕ್ಕಿದ್ದು

2006ರಲ್ಲಿ ದ್ವೀಪದ ಉತ್ತರ ಭಾಗದ ಒಂದು ಸಣ್ಣ ಸರೋವರದಲ್ಲಿ 9 ದೊಡ್ಡ ಹಕ್ಕಿಗಳು ಹಾಗೂ ಮರಿಗಳು ಕಂಡುಬಂದವು. ಆದರೆ ಅಲ್ಲಿ ನೀರು ಆಳ. ಮರಿಗಳು ತಳಕ್ಕೆ ಮುಳುಗಿ ಆಹಾರ ಹುಡುಕಲಾರವು. ಹೀಗಾಗಿ ಮೊಟ್ಟೆಯೊಡೆದ ಕೆಲವೇ ವಾರಗಳಲ್ಲಿ ಬಹುಪಾಲು ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ನೀರು ಇತ್ತು, ನೆಲೆ ಇರಲಿಲ್ಲ.

ಇದನ್ನರಿತ ತಜ್ಞರು 2009ರಲ್ಲಿ ಕೆಲವು ಮೊಟ್ಟೆಗಳನ್ನು ತಂದು ಮರಿ ಮಾಡಿಸಿ ಸಾಕಿದರು. 2018ರ ಡಿಸೆಂಬರ್‌ನಲ್ಲಿ ಹೀಗೆ ಬೆಳೆಸಿದ 21 ಬಾತುಗಳನ್ನು ಸೋಫಿಯಾ ಸರೋವರಕ್ಕೆ ಬಿಡಲಾಯಿತು. ಬಿಡುವ ಮೊದಲು ತೇಲುವ ಪಂಜರಗಳಲ್ಲಿಟ್ಟು ಹೊಸ ನೀರಿಗೆ ಒಗ್ಗಿಸಲಾಯಿತು. ಸುತ್ತಲಿನ ಹಳ್ಳಿಗಳ ಬೇಸಾಯಗಾರರನ್ನೂ ಮೀನುಗಾರರನ್ನೂ ಈ ಕಾರ್ಯದಲ್ಲಿ ಸೇರಿಸಿಕೊಂಡಿದ್ದು ಮುಖ್ಯ ಸಂಗತಿ. ಸರೋವರ ಉಳಿಯುವುದು ಅವರ ಕೈಯಲ್ಲೇ ಇದೆ.

ರೈತರು ಗಮನಿಸಬೇಕಾದದ್ದು

ಗುಡ್ಡದ ಮಣ್ಣು ಗುಡ್ಡದಲ್ಲೇ ನಿಂತರೆ ಕೆರೆಗೆ ಹೂಳು ಕಡಿಮೆ. ಇಳಿಜಾರಿನ ಹೊಲಗಳಿಗೆ ಅಡ್ಡಲಾಗಿ ಬದು ಹಾಕಿ ಉಳುವುದು, ಕೆರೆಯಂಚಿನ ಜೊಂಡನ್ನು ಪೂರ್ತಿ ಸುಡದೆ ಒಂದಿಷ್ಟು ಬಿಡುವುದು, ಇವು ಹಕ್ಕಿಗೂ ಹಿತ, ಕೆರೆಯ ನೀರನ್ನೇ ನಂಬಿದ ಗದ್ದೆಗೂ ಹಿತ.