ಸ್ವಭಾವ ಬೇರೆ, ಕೆಲಸ ಒಂದೇ

ಮನುಷ್ಯರನ್ನು ಅಲ್ಲಾಹನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿಲ್ಲ. ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿರುವ ಒಂದು ಹದೀಸಿನ ಪ್ರಕಾರ, ಹ. ಆದಮ್(ಅ)ರನ್ನು ಭೂಮಿಯ ಎಲ್ಲೆಡೆಯಿಂದ ತೆಗೆದ ಒಂದು ಹಿಡಿ ಮಣ್ಣಿನಿಂದ ಸೃಷ್ಟಿಸಲಾಯಿತು. ಆದ್ದರಿಂದಲೇ ಅವರ ಸಂತತಿಯಲ್ಲಿ ಬೇರೆ ಬೇರೆ ಬಣ್ಣದವರಿರುವಂತೆ ಮೃದು ಸ್ವಭಾವದವರೂ ಕಠಿಣ ಸ್ವಭಾವದವರೂ ಇದ್ದಾರೆ. ನೆಲವನ್ನು ಬಲ್ಲ ರೈತನಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕೆರೆಯ ಕೆಳಗಿನ ಗದ್ದೆಯಲ್ಲಿ ಭತ್ತ, ಮೇಲಿನ ಕೆಂಪು ಹೊಲದಲ್ಲಿ ರಾಗಿ. ರಾಗಿಯ ಹೊಲ ಭತ್ತ ಕೊಡಲಿಲ್ಲವೆಂದು ಯಾರೂ ಅದನ್ನು ಬೈಯುವುದಿಲ್ಲ.

ಆದರೆ ಜೊತೆಯಲ್ಲಿ ದುಡಿಯುವವರ ವಿಷಯದಲ್ಲಿ ನಾವು ಇಷ್ಟು ವಿವೇಕ ತೋರುವುದಿಲ್ಲ. ಚಿಂತಾಮಣಿಯ ಟೊಮೆಟೊ ಮಂಡಿಯಿರಲಿ, ಗೌರಿಬಿದನೂರಿನ ಕಾರ್ಖಾನೆಯಿರಲಿ, ಚಿಕ್ಕಬಳ್ಳಾಪುರದ ಕಚೇರಿಯಿರಲಿ, ಕೇಳಿಬರುವ ದೂರು ಒಂದೇ: ‘ಅವನ ಸ್ವಭಾವವೇ ಸರಿಯಿಲ್ಲ.’ ಚುರುಕಿನವನಿಗೆ ನಿಧಾನಿಯು ಸೋಮಾರಿಯಾಗಿ ಕಾಣುತ್ತಾನೆ. ನಿಧಾನಿಗೆ ಚುರುಕಿನವನು ದುಡುಕನಾಗಿ ಕಾಣುತ್ತಾನೆ. ಮಾತು ಕಡಿಮೆಯಿರುವವನು ಅಹಂಕಾರಿಯೆನಿಸುತ್ತಾನೆ. ಹೀಗೆ ಆರಂಭವಾದ ಬೇಸರ ಬೆಳೆದು ಪಾಲುದಾರಿಕೆ ಮುರಿಯುತ್ತದೆ, ಸಲಾಮ್ ನಿಲ್ಲುತ್ತದೆ. ಕೊನೆಗೆ ಒಂದು ಮನೆಯವರು ಇನ್ನೊಂದು ಮನೆಯ ಮದುವೆಗೂ ಹೋಗದಂತಾಗುತ್ತದೆ. ಮುಸ್ಲಿಮನು ತನ್ನ ಸಹೋದರನೊಡನೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಟ್ಟಿರುವುದು ಸಮ್ಮತವಲ್ಲ ಎಂದು ಪ್ರವಾದಿ(ಸ)ರು ಎಚ್ಚರಿಸಿರುವಾಗ ಇದು ಸಣ್ಣ ವಿಷಯವೇ?

ಶಿಡ್ಲಘಟ್ಟದ ನೂಲು

ಟಿಪ್ಪು ಸುಲ್ತಾನರ ಕಾಲದಿಂದ ಈ ನಾಡಿನಲ್ಲಿ ಬೇರೂರಿದ ರೇಷ್ಮೆ ಉದ್ಯಮದಿಂದ ಶಿಡ್ಲಘಟ್ಟದ ಎಷ್ಟೋ ಮುಸ್ಲಿಮ್ ಕುಟುಂಬಗಳು ಅನ್ನ ಕಾಣುತ್ತಿವೆ. ಅಲ್ಲಿಯ ಕೆಲಸವನ್ನು ಗಮನವಿಟ್ಟು ನೋಡಿರಿ. ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೊಳ್ಳಲು ಚುರುಕು ಬೇಕು. ಗೂಡು ಬೇಯಿಸುವವನಿಗೆ ತಾಳ್ಮೆ ಬೇಕು. ಬೆಂದದ್ದು ಹೆಚ್ಚಾದರೆ ರೇಷ್ಮೆ ಹಾಳು, ಕಡಿಮೆಯಾದರೆ ಎಳೆ ತುಂಡು. ನೂಲು ಬಿಚ್ಚುವವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಏಕಾಗ್ರತೆ ಬೇಕು. ಈ ಮೂವರೂ ಒಂದೇ ಸ್ವಭಾವದವರಾದರೆ ಘಟಕ ನಡೆಯುವುದು ಕಷ್ಟ.

ನೂಲಿನಲ್ಲಿಯೂ ಒಂದು ಪಾಠವಿದೆ. ಒಂದು ಗೂಡಿನ ಎಳೆ ಬಲು ಸೂಕ್ಷ್ಮ. ಹಲವು ಗೂಡುಗಳ ಎಳೆಗಳು ಕೂಡಿದರೆ ಮಾತ್ರ ನೂಲು. ಪ್ರತಿಯೊಂದು ಎಳೆಯೂ ಕೊನೆಗೆ ಬರುತ್ತಾ ತೆಳುವಾಗುತ್ತದೆ. ಆದ್ದರಿಂದ ಕೈ ಪಳಗಿದವರು ಹೊಸ ಗೂಡುಗಳ ಜೊತೆಗೆ ಅರ್ಧ ಬಿಚ್ಚಿದ ಗೂಡುಗಳನ್ನೂ ಸೇರಿಸಿ ನೂಲು ಒಂದೇ ಸಮವಾಗಿ ಬರುವಂತೆ ನೋಡಿಕೊಳ್ಳುತ್ತಾರೆ. ದಪ್ಪ ಎಳೆಯ ಬಲ ತೆಳು ಎಳೆಯ ಕೊರತೆಯನ್ನು ತುಂಬುತ್ತದೆ.

ಇಬ್ಬರು ಪ್ರವಾದಿಗಳು, ಇಬ್ಬರು ಅಣ್ಣತಮ್ಮಂದಿರು

ಸ್ವಭಾವ ಬೇರೆಯಾದ ಇಬ್ಬರು ಒಂದೇ ಹೊಣೆಯನ್ನು ಹೊತ್ತ ಉದಾಹರಣೆಯನ್ನು ಪವಿತ್ರ ಕುರ್‌ಆನ್ ನಮ್ಮ ಮುಂದಿಟ್ಟಿದೆ. ಹ. ಮೂಸಾ(ಅ)ರಿಗೆ ಫಿರ್‌ಔನನ ಬಳಿಗೆ ಹೋಗುವ ಆಜ್ಞೆಯಾದಾಗ, ತನ್ನ ಸಹೋದರ ಹಾರೂನರು ತನಗಿಂತ ಸ್ಫುಟವಾಗಿ ಮಾತನಾಡಬಲ್ಲರೆಂದು ಹೇಳಿ ಅವರನ್ನು ಸಹಾಯಕರಾಗಿ ಕೊಡುವಂತೆ ಪ್ರಾರ್ಥಿಸಿದರು (ಅಲ್ ಕಸಸ್: 34). ತನ್ನಲ್ಲಿಲ್ಲದ ಗುಣ ಜೊತೆಗಾರನಲ್ಲಿದೆಯೆಂದು ಒಪ್ಪಿಕೊಳ್ಳಲು ಅವರಿಗೆ ಸಂಕೋಚವಾಗಲಿಲ್ಲ.

ಇದೇ ಇಬ್ಬರ ನಡುವೆ ಒಮ್ಮೆ ಬಿರುಸಿನ ಘಟನೆಯೂ ನಡೆಯಿತು. ಮೂಸಾ(ಅ)ರು ತೂರ್ ಬೆಟ್ಟದಿಂದ ಮರಳಿದಾಗ ಜನಾಂಗವು ಕರುವಿನ ಪೂಜೆಯಲ್ಲಿ ಮುಳುಗಿತ್ತು. ಅವರು ಕೋಪದಿಂದ ಫಲಕಗಳನ್ನು ಕೆಳಗೆ ಹಾಕಿ ಸಹೋದರನ ತಲೆಯನ್ನು ಹಿಡಿದೆಳೆದರು. ಹಾರೂನ್(ಅ)ರು ತಿರುಗಿ ರೇಗಲಿಲ್ಲ. ತಾಯಿಯ ಮಗನೇ ಎಂದು ಪ್ರೀತಿಯಿಂದ ಸಂಬೋಧಿಸಿ ತನ್ನ ಕಾರಣವನ್ನು ತಿಳಿಸಿದರು: ಜನರು ತನ್ನನ್ನು ದುರ್ಬಲನೆಂದು ಬಗೆದು ಕೊಲ್ಲಲೂ ಸಿದ್ಧರಾಗಿದ್ದರು, ಜನಾಂಗದಲ್ಲಿ ಒಡಕು ಹುಟ್ಟಿಸಿದನೆಂಬ ಮಾತು ಬಂದೀತೆಂದು ತಾನು ಅಂಜಿದ್ದೆ. ಇದನ್ನು ಕೇಳಿದ ಮೂಸಾ(ಅ)ರು ತನಗೂ ಸಹೋದರನಿಗೂ ಕ್ಷಮೆ ಬೇಡಿದರು. ಕೋಪ ತಣಿದ ಮೇಲೆ ಫಲಕಗಳನ್ನು ಮತ್ತೆ ಕೈಗೆತ್ತಿಕೊಂಡರು (ಅಲ್ ಅಅ್‌ರಾಫ್: 150–154, ತಾಹಾ: 92–94).

ಇದರಲ್ಲಿ ಬಿರುಸು ಸ್ವಭಾವದವನಿಗೂ ಮೃದು ಸ್ವಭಾವದವನಿಗೂ ಪಾಠವಿದೆ. ಬಿರುಸಿನವನು ಜೊತೆಗಾರನ ಕಾರಣವನ್ನು ಪೂರ್ತಿ ಕೇಳಬೇಕು. ಮೃದುವಾದವನು ಮುನಿಸಿಕೊಂಡು ಮೌನವಾಗದೆ ಬಾಯಿಬಿಟ್ಟು ಹೇಳಬೇಕು. ಬಳಿಕ ಇಬ್ಬರೂ ಬಿಟ್ಟ ಕೆಲಸವನ್ನು ಎತ್ತಿಕೊಳ್ಳಬೇಕು.

ತಕ್ಕವರಿಗೆ ತಕ್ಕ ಕೆಲಸ

ಅದಾನಿನ ವಚನಗಳನ್ನು ಕನಸಿನಲ್ಲಿ ಕಂಡವರು ಹ. ಅಬ್ದುಲ್ಲಾ ಬಿನ್ ಝೈದ್(ರ). ಆದರೆ ಕಂಠ ಗಟ್ಟಿಯಿದ್ದವರು ಹ. ಬಿಲಾಲ್(ರ). ಆ ವಚನಗಳನ್ನು ಬಿಲಾಲರಿಗೆ ಹೇಳಿಕೊಡಿರೆಂದು ಪ್ರವಾದಿ(ಸ)ರು ಆಜ್ಞಾಪಿಸಿದರು. ಹ. ಅಬೂದರ್(ರ)ರು ಅಧಿಕಾರವನ್ನು ಕೇಳಿದಾಗ, ಅವರ ದೌರ್ಬಲ್ಯವನ್ನೂ ಹೊಣೆಯ ಭಾರವನ್ನೂ ತಿಳಿಸಿ ಬೇಡವೆಂದರು. ಅಬೂದರ್‌ರ ಈಮಾನಿಗೆ ಅದರಿಂದ ಕುಂದಾಗಲಿಲ್ಲ. ಒಬ್ಬನು ಒಂದು ಕೆಲಸಕ್ಕೆ ಒಗ್ಗುವುದಿಲ್ಲವೆಂದರೆ ಅವನು ಕೆಟ್ಟವನೆಂದು ಅರ್ಥವಲ್ಲ. ಮುಂಗೋಪಿಯನ್ನು ಗಿರಾಕಿಗಳ ಮುಂದೆ ಕೂರಿಸಿ, ಸಂಕೋಚದವನನ್ನು ಸಾಲ ವಸೂಲಿಗೆ ಕಳುಹಿಸಿ, ಅನಂತರ ಇಬ್ಬರನ್ನೂ ದೂರುವುದು ನ್ಯಾಯವೇ?

ಸ್ವಭಾವವು ನೆಪವಾಗಬಾರದು

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರತಿಯೊಬ್ಬನೂ ತನ್ನ ಪ್ರಕೃತಿಗೆ ತಕ್ಕಂತೆ ವರ್ತಿಸುತ್ತಾನೆ, ಸರಿದಾರಿಯಲ್ಲಿ ಇರುವವನಾರೆಂದು ಪ್ರಭುವೇ ಬಲ್ಲನು ಎಂದು ಕುರ್‌ಆನ್ ತಿಳಿಸುತ್ತದೆ (ಬನೀ ಇಸ್ರಾಈಲ್: 84). ಪ್ರಕೃತಿ ಹುಟ್ಟಿನಿಂದ ಬಂದದ್ದು. ಅದನ್ನು ನಡೆಸುವ ದಾರಿಯ ಲೆಕ್ಕ ನಮ್ಮದು. ಉಪದೇಶ ಕೇಳಿದ ಒಬ್ಬ ವ್ಯಕ್ತಿಗೆ ಪ್ರವಾದಿ(ಸ)ರು ಮತ್ತೆ ಮತ್ತೆ ಹೇಳಿದ್ದು ಕೋಪಿಸಬೇಡ ಎಂದೇ. ಕೂಲಿಯಾಳನ್ನು ತಾಯಿಯ ಹೆಸರೆತ್ತಿ ಬೈದು, ‘ನನ್ನ ಗುಣವೇ ಹಾಗೆ, ಮನಸ್ಸಿನಲ್ಲಿ ಏನಿಲ್ಲ’ ಎನ್ನುವವರಿದ್ದಾರೆ. ಮಜೂರಿ ತಡಮಾಡಿ, ‘ನಾನು ಮರೆಗುಳಿ’ ಎನ್ನುವವರಿದ್ದಾರೆ. ಇವು ಸ್ವಭಾವಗಳಲ್ಲ, ಅನ್ಯಾಯಗಳು. ನಿಧಾನವನ್ನು ಸಹಿಸೋಣ, ಮೋಸವನ್ನು ಸಹಿಸಬೇಕಾಗಿಲ್ಲ. ಹಳ್ಳಿಯಿಂದ ಗೂಡು ತರುವ ಹಿಂದೂ ರೈತನೂ ಪಕ್ಕದ ಮೇಜಿನ ಗುಮಾಸ್ತನೂ ಇಸ್ಲಾಮನ್ನು ನಮ್ಮ ಗ್ರಂಥಗಳಲ್ಲಿ ಓದುವುದಿಲ್ಲ. ನಮ್ಮ ನಾಲಿಗೆಯಲ್ಲಿ, ನಮ್ಮ ತಕ್ಕಡಿಯಲ್ಲಿ ಓದುತ್ತಾರೆ.

ನಾವು ಮಾಡಬೇಕಾದುದು

ಮೊದಲನೆಯದಾಗಿ, ಜೊತೆಗಾರನ ಬಗ್ಗೆ ದೂರಿದ್ದರೆ ಅವನಿಗೇ, ಏಕಾಂತದಲ್ಲಿ ಹೇಳಿರಿ. ಇತರರ ಮುಂದೆ ಹೇಳಿದರೆ ಅದು ಗೀಬತ್. ಎರಡನೆಯದಾಗಿ, ‘ಗೊಣಗ’, ‘ಮೊದ್ದ’ ಎಂಬ ಅಡ್ಡಹೆಸರುಗಳನ್ನು ಬಿಡಿರಿ. ಸೂರಃ ಅಲ್ ಹುಜುರಾತ್ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಮೂರನೆಯದಾಗಿ, ಅವನಲ್ಲಿ ಇದ್ದು ನಿಮ್ಮಲ್ಲಿ ಇಲ್ಲದ ಒಂದು ಗುಣವನ್ನು ಹುಡುಕಿರಿ. ಅದನ್ನು ಅವನಿಗೆ ತಿಳಿಸಿರಿ, ಮನೆಯಲ್ಲಿ ಮಕ್ಕಳ ಮುಂದೆಯೂ ಹೇಳಿರಿ. ಅಪ್ಪ ಊಟದ ಹೊತ್ತಿನಲ್ಲಿ ಜೊತೆಗಾರನನ್ನು ಹೀಗಳೆಯುವುದನ್ನೇ ಕೇಳಿ ಬೆಳೆದ ಮಗು ನಾಳೆ ಯಾರೊಡನೆಯೂ ಹೊಂದಿಕೊಳ್ಳಲಾರದು.

ಅಲ್ಲಾಹನು ನಿಮ್ಮಲ್ಲಿ ಕೆಲವರನ್ನು ಕೆಲವರ ಪಾಲಿಗೆ ಪರೀಕ್ಷೆಯಾಗಿಸಿ, ಸಹನೆ ತೋರುವಿರಾ ಎಂದು ಕೇಳಿದ್ದಾನೆ (ಅಲ್ ಫುರ್ಕಾನ್: 20). ನಮ್ಮ ಜೊತೆಗಾರ ನಮಗೆ ಪರೀಕ್ಷೆಯಾಗಿರುವಂತೆ ನಾವೂ ಅವನಿಗೆ ಪರೀಕ್ಷೆಯೇ. ಈ ಪರೀಕ್ಷೆಯಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ತೇರ್ಗಡೆಗೊಳಿಸಲಿ. ಆಮೀನ್.