ತಂಡದ ವ್ಯವಸ್ಥಾಪಕನನ್ನು ಅಳೆಯುವ ಬಗೆ

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ತಂಡ ಗೆದ್ದರೆ ಅದನ್ನು ಕಟ್ಟಿದವನು ಮಹಾಚತುರ. ಸೋತರೆ ಅವನೇ ಅವಿವೇಕಿ. ಈ ರೂಢಿ ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಅಮೆರಿಕದ ವೃತ್ತಿ ಫುಟ್‌ಬಾಲಿನ ಒಂದು ನಿದರ್ಶನದ ಮೂಲಕ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಅದರ ಮುಖ್ಯ ಅಂಗ. ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಸಂಸ್ಥೆಯಲ್ಲಿ 2002ರಿಂದ 32 ತಂಡಗಳಿವೆ. ತಂಡಕ್ಕೆ ಹಣ ಹಾಕುವವನು ಒಡೆಯ. ಆಟ ಕಲಿಸಿ ಆಡಿಸುವವನು ತರಬೇತುದಾರ. ಇವರಿಬ್ಬರ ನಡುವೆ ಇರತಕ್ಕವನು ಜನರಲ್ ಮ್ಯಾನೇಜರ್ ಎಂಬ ವ್ಯವಸ್ಥಾಪಕ. ಯಾವ ಆಟಗಾರನನ್ನು ತರಬೇಕು, ಎಷ್ಟು ಸಂಬಳ ಕೊಡಬೇಕು, ಯಾರನ್ನು ಬಿಟ್ಟುಕೊಡಬೇಕು ಎಂಬುದು ಸಾಮಾನ್ಯವಾಗಿ ಅವನ ಹೊಣೆ.

ಅವನ ಕೈಗೆ ಎರಡು ಕಟ್ಟುಗಳಿವೆ. ಒಂದು, ಡ್ರಾಫ್ಟ್ ಎಂಬ ಆಯ್ಕೆ. ವರ್ಷಕ್ಕೊಮ್ಮೆ ಎಲ್ಲ ತಂಡಗಳೂ ಸೇರಿ, ಕಾಲೇಜುಗಳಲ್ಲಿ ಆಡಿ ಬಂದ ತರುಣರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ತೀರ ಕೆಳಗಿದ್ದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕಡೆಯ ಸರದಿ. ಹೀಗೆ ಏಳು ಸುತ್ತು. ಸರದಿಗಳನ್ನು ತಂಡಗಳು ತಮ್ಮತಮ್ಮೊಳಗೆ ಬದಲಾಯಿಸಿಕೊಳ್ಳಬಹುದು. ಎರಡನೆಯದು, 1994ರಿಂದ ಜಾರಿಯಲ್ಲಿರುವ ಸಂಬಳದ ಮಿತಿ. ಒಡೆಯನು ಎಷ್ಟೇ ಸಿರಿವಂತನಾದರೂ ಒಳ್ಳೆಯ ಆಟಗಾರರನ್ನೆಲ್ಲ ಅವನೊಬ್ಬನೇ ಕೊಳ್ಳುವಂತಿಲ್ಲ. ಆದಕಾರಣ ಇಲ್ಲಿ ಬುದ್ಧಿಗೆ ಬೆಲೆಯುಂಟು. ಬುದ್ಧಿಯನ್ನು ಅಳೆಯಬೇಕೆಂಬ ಆಸೆಯೂ ಸಹಜ.

ನಾನು ಆರಿಸಿಕೊಂಡ ವ್ಯಕ್ತಿ ಬಾಲ್ಟಿಮೋರ್ ರೇವನ್ಸ್ ತಂಡದ ಆಝಿ ನ್ಯೂಸಮ್. ಆತ ಸ್ವತಃ ಹೆಸರಾಂತ ಆಟಗಾರ. 1996ರಲ್ಲಿ ತಂಡವು ಕ್ಲೀವ್‌ಲೆಂಡಿನಿಂದ ಬಾಲ್ಟಿಮೋರಿಗೆ ಬಂದಾಗ ಆಟಗಾರರ ಆಯ್ಕೆಯ ಭಾರ ಆತನ ಮೇಲೆ ಬಿತ್ತು. 2002ರಲ್ಲಿ ಜನರಲ್ ಮ್ಯಾನೇಜರ್ ಎಂಬ ಪದವಿ ದೊರೆತಾಗ, ಈ ಲೀಗಿನಲ್ಲಿ ಆ ಪದವಿಗೇರಿದ ಮೊದಲ ಕರಿಯ ಜನಾಂಗದವನೆನಿಸಿದ. 2018ರ ಋತು ಮುಗಿದ ಮೇಲೆ ಅಧಿಕಾರ ಬಿಟ್ಟುಕೊಟ್ಟ. 23 ಡ್ರಾಫ್ಟುಗಳು ಆತನ ಕೈಯಲ್ಲಿ ನಡೆದುವು. ತಂಡ ಎರಡು ಸಲ ಸೂಪರ್ ಬೌಲ್ ಗೆದ್ದಿತು. ಈ ‘ಎರಡು’ ಎಂಬ ಅಂಕಿಯೇ ಆತನ ಯೋಗ್ಯತೆಯ ಅಳತೆಯೆ?

ಎರಡನೆಯ ಗೆಲವನ್ನೇ ನೋಡೋಣ. 2013ರ ಜನವರಿಯಲ್ಲಿ ಡೆನ್ವರ್ ತಂಡದ ಮೇಲಿನ ಪಂದ್ಯದಲ್ಲಿ ಬಾಲ್ಟಿಮೋರ್ ಏಳು ಅಂಕ ಹಿಂದಿತ್ತು. ಆಟ ಮುಗಿಯಲು ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಉಳಿದಿದ್ದಾಗ ಜೋ ಫ್ಲಾಕೊ ಎಸೆದ ಚೆಂಡು ಡೆನ್ವರಿನ ರಕ್ಷಕನ ಕೈಗೆಟುಕದೆ ಜಕೋಬಿ ಜೋನ್ಸನ ಕೈಸೇರಿ, 70 ಗಜದ ಆಟವಾಗಿ ಅಂಕಗಳು ಸಮವಾದುವು. ಹೆಚ್ಚಿನ ಅವಧಿಯಲ್ಲಿ ಬಾಲ್ಟಿಮೋರ್ 38–35ರಿಂದ ಗೆದ್ದು, ಮುಂದೆ ಸೂಪರ್ ಬೌಲನ್ನೂ 34–31ರಿಂದ ಗೆದ್ದುಕೊಂಡಿತು. ಆ ರಕ್ಷಕನ ಬೆರಳು ಚೆಂಡಿಗೆ ತಗುಲಿದ್ದರೆ ನ್ಯೂಸಮ್‌ನ ಲೆಕ್ಕದಲ್ಲಿ ಒಂದೇ ಗೆಲವು ಇರುತ್ತಿತ್ತು. ಆದರೆ ಆತ ಆರಿಸಿದ ಆಟಗಾರರು ಅವರೇ, ಕೊಟ್ಟ ಸಂಬಳವೂ ಅಷ್ಟೇ. ಚೆಂಡು ಒಂದು ಗೇಣು ಆಚೆಈಚೆ ಹೋದುದರಿಂದ ಏರಿಳಿಯುವ ಅಳತೆಯನ್ನು ನಂಬುವುದು ಹೇಗೆ?

ಹಾಗಾದರೆ ಏನನ್ನು ನೋಡಬೇಕು? ನನ್ನ ಅಭಿಪ್ರಾಯದಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದು, ಸರದಿಗೆ ತಕ್ಕ ಫಲ ದೊರೆಯಿತೆ ಎಂಬುದು. 1996ರ ಡ್ರಾಫ್ಟಿನಲ್ಲಿ ನ್ಯೂಸಮ್ 4ನೆಯ ಸರದಿಯಲ್ಲಿ ಜಾನಥನ್ ಆಗ್ಡನ್‌ನನ್ನೂ 26ನೆಯ ಸರದಿಯಲ್ಲಿ ರೇ ಲೂಯಿಸ್‌ನನ್ನೂ ಆರಿಸಿದ. ಮುಂದೆ ಇಬ್ಬರೂ ಆ ಆಟದ ಕೀರ್ತಿಮಂದಿರಕ್ಕೆ ಸೇರಿದರು. 4ನೆಯ ಸರದಿಯಲ್ಲಿ ಒಳ್ಳೆಯವನು ಸಿಕ್ಕುವುದು ನಿರೀಕ್ಷಿತವೇ. ಇಪ್ಪತ್ತೈದು ಮಂದಿಯನ್ನು ಇತರರು ಆರಿಸಿಕೊಂಡ ಮೇಲೂ ಹದಿನೇಳು ಋತು ಆಡಿದ ರೇ ಲೂಯಿಸ್‌ನಂಥವನನ್ನು ಗುರುತಿಸಿದುದು ಹೆಚ್ಚಿನದು. 2002ರಲ್ಲಿ 24ನೆಯ ಸರದಿಯಲ್ಲಿ ಎಡ್ ರೀಡ್ ದೊರೆತುದೂ ಇದೇ ಜಾತಿಯ ಗಳಿಕೆ.

ಎರಡನೆಯದು, ತೆತ್ತ ಬೆಲೆ. 2003ರಲ್ಲಿ ಕೈಲ್ ಬೊಲರ್ ಎಂಬ ಎಸೆತಗಾರನಿಗಾಗಿ ನ್ಯೂಸಮ್ ಆ ವರ್ಷದ ಎರಡನೆಯ ಸುತ್ತಿನ ಸರದಿಯನ್ನೂ ಮರುವರ್ಷದ ಮೊದಲನೆಯ ಸುತ್ತಿನ ಸರದಿಯನ್ನೂ ನ್ಯೂ ಇಂಗ್ಲೆಂಡಿಗೆ ಬಿಟ್ಟುಕೊಟ್ಟು 19ನೆಯ ಸರದಿ ಪಡೆದ. ಬೊಲರ್ ನಿರೀಕ್ಷೆಗೆ ಏರಲಿಲ್ಲ. 2008ರಲ್ಲಿ ಅದೇ ಸ್ಥಾನಕ್ಕೆ ಫ್ಲಾಕೊನನ್ನು ಆರಿಸಬೇಕಾಯಿತು. ಇತ್ತ ನ್ಯೂ ಇಂಗ್ಲೆಂಡ್ ತಾನು ಪಡೆದ 2004ರ ಸರದಿಯಲ್ಲಿ ವಿನ್ಸ್ ವಿಲ್ಫೋರ್ಕ್‌ನನ್ನು ಆರಿಸಿತು. ಆತ ಹನ್ನೊಂದು ಋತು ಅಲ್ಲಿ ಆಡಿದ. ತಪ್ಪು ಆಯ್ಕೆಯ ನಷ್ಟವೆಂದರೆ ಬಂದವನು ಆಡದೆ ಹೋದುದು ಮಾತ್ರವಲ್ಲ; ಬಿಟ್ಟುಕೊಟ್ಟುದರಿಂದ ಇನ್ನೊಬ್ಬರು ಪಡೆದ ಲಾಭವೂ ಆ ಲೆಕ್ಕಕ್ಕೇ ಸೇರತಕ್ಕದ್ದು. ಹಾಗೆಯೇ ಗೆಲವಿಗೂ ಬೆಲೆಯುಂಟು. 2001ರ ಜನವರಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು 34–7ರಿಂದ ಸೋಲಿಸಿ ಮೊದಲ ಸೂಪರ್ ಬೌಲ್ ಗೆದ್ದ ತಂಡ, ಸಂಬಳದ ಮಿತಿಯ ಬಿಗಿತಕ್ಕೆ ಸಿಕ್ಕಿ ಹಳಬರನೇಕರನ್ನು ಬಿಟ್ಟು, 2002ರಲ್ಲಿ ಏಳು ಪಂದ್ಯ ಗೆದ್ದು ಒಂಬತ್ತು ಸೋತಿತು.

ಮೂರನೆಯದು, ಅದೃಷ್ಟದ ಪಾಲು. 2018ರ ಡ್ರಾಫ್ಟಿನಲ್ಲಿ ನ್ಯೂಸಮ್ ಮೊದಲು 25ನೆಯ ಸರದಿಯಲ್ಲಿ ಹೇಡನ್ ಹರ್ಸ್ಟ್‌ನನ್ನು ಆರಿಸಿ, ಬಳಿಕ ಫಿಲಡೆಲ್ಫಿಯಾದೊಡನೆ ವಿನಿಮಯಮಾಡಿಕೊಂಡು 32ನೆಯ ಸರದಿಯಲ್ಲಿ ಲಮಾರ್ ಜಾಕ್ಸನ್‌ನನ್ನು ಆರಿಸಿದ. ಹರ್ಸ್ಟ್ ಎರಡು ಋತುಗಳ ಮೇಲೆ ಬೇರೆ ತಂಡಕ್ಕೆ ಹೋದ. ಜಾಕ್ಸನ್ 2019ರಲ್ಲೂ 2023ರಲ್ಲೂ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ. ನಡುವಣ ಸರದಿಗಳಲ್ಲಿ ಯಾವ ತಂಡವಾದರೂ ಜಾಕ್ಸನ್‌ನನ್ನು ಆರಿಸಿಕೊಂಡಿದ್ದರೆ ಬಾಲ್ಟಿಮೋರಿಗೆ ಹರ್ಸ್ಟ್ ಮಾತ್ರ ಉಳಿಯುತ್ತಿದ್ದ. ಆತನನ್ನು ಕೈಬಿಡದೆ ಮತ್ತೆ ಮುಂದೆ ಬಂದು ಹಿಡಿದುದು ಜಾಣತನ. ಅಲ್ಲಿಯವರೆಗೆ ಆತ ಉಳಿದಿದ್ದುದು ಅದೃಷ್ಟ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, ಕೇಡ್ ಮ್ಯಾಸಿಯೊಡಗೂಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ. ಒಂದೇ ಸ್ಥಾನದಲ್ಲಿ ಆಡುವವರ ಪೈಕಿ ಒಬ್ಬನ ಬೆನ್ನಿಗೇ ಮತ್ತೊಬ್ಬನಂತೆ ಆರಿಸಲ್ಪಟ್ಟ ಇಬ್ಬರಲ್ಲಿ ಮೊದಲಿನವನು ಅನಂತರದವನಿಗಿಂತ ಮೇಲಾಗುವ ಸಂಭವ ನೂರಕ್ಕೆ ಅರ್ಧದಿಂದ ಬಹಳ ಮೇಲಕ್ಕೇನೂ ಹೋಗುವುದಿಲ್ಲ. ನಾಣ್ಯ ಚಿಮ್ಮಿದಂತೆಯೇ ಸರಿ. ಆದಕಾರಣ ಒಂದೆರಡು ಆಯ್ಕೆಗಳಿಂದ ಯಾರನ್ನೂ ಅಳೆಯಲಾಗದು. ಆಯ್ಕೆಗಳು ನೂರಾರಾದಾಗ ಮಾತ್ರ ಅದೃಷ್ಟ ಎರಡು ಕಡೆಗೂ ಸರಿತೂಗಿ, ವಿವೇಕದ ತೂಕ ಕಾಣಿಸುತ್ತದೆ.

ನಾಲ್ಕನೆಯದು, ಕಾಲ. ತೆಂಗು ನೆಟ್ಟವನೇ ಕಾಯಿ ಕೀಳುವನೆಂಬ ನಿಯಮವಿಲ್ಲ. 2019ರಲ್ಲಿ ಬಾಲ್ಟಿಮೋರ್ 16 ಪಂದ್ಯಗಳಲ್ಲಿ 14 ಗೆದ್ದಾಗ ವ್ಯವಸ್ಥಾಪಕನ ಕುರ್ಚಿಯಲ್ಲಿದ್ದವನು ಎರಿಕ್ ಡಿಕೋಸ್ಟಾ; ಚೆಂಡು ಎಸೆಯುತ್ತಿದ್ದವನು ನ್ಯೂಸಮ್ ಆರಿಸಿದ ಜಾಕ್ಸನ್. ಕುರ್ಚಿಯ ಕಾಲವನ್ನಷ್ಟೇ ನೋಡಿ ಗೆಲವು ಸೋಲುಗಳನ್ನು ಹಂಚಿದರೆ ಒಬ್ಬನ ದುಡಿಮೆ ಇನ್ನೊಬ್ಬನ ಹೆಸರಿಗೆ, ಒಬ್ಬನ ಸಾಲ ಇನ್ನೊಬ್ಬನ ತಲೆಗೆ ಬೀಳುವುದು.

ಈ ನಾಲ್ಕು ಪ್ರಶ್ನೆಗಳಿಂದ ನೋಡಿದರೆ ನ್ಯೂಸಮ್‌ನ ಸ್ಥಾನ ಕುಂದುವುದಿಲ್ಲ. ಬದಲಾಗಿ ಅದಕ್ಕೆ ಸರಿಯಾದ ಕಾರಣ ದೊರೆಯುತ್ತದೆ. ಕಡೆಯ ಸರದಿಗಳಿಂದಲೂ ಉತ್ತಮರನ್ನು ತಂದುದು, ಬೊಲರ್‌ನ ಪೆಟ್ಟಿನಿಂದ ತಂಡ ಕುಸಿಯದಂತೆ ಬೇರೆ ಕಡೆ ಬಲ ಕೂಡಿಸಿದುದು, ಹೋಗುವಾಗ ಬರುವವನಿಗೆ ಬುತ್ತಿ ಕಟ್ಟಿಟ್ಟುದು, ಇವು ಎರಡು ಗೆಲವುಗಳಿಗಿಂತ ದೃಢವಾದ ಸಾಕ್ಷ್ಯ.

ಇದು ಕೇವಲ ಆಟದ ಲೆಕ್ಕಾಚಾರವೆಂದು ವಾಚಕರು ಭಾವಿಸಬಾರದು. ಎರಡು ಮೂರು ವರ್ಷ ಸೋತರೆ ವ್ಯವಸ್ಥಾಪಕನನ್ನು ಮನೆಗೆ ಕಳುಹಿಸುವ ಒಡೆಯರು ಆ ಲೀಗಿನಲ್ಲಿ ಅನೇಕರು. ನ್ಯೂಸಮ್‌ನ ಪದವಿಯ ಮೊದಲ ವರ್ಷವೇ ತಂಡದ ಸೋಲುಗಳು ಗೆಲವುಗಳಿಗಿಂತ ಹೆಚ್ಚಾಗಿದ್ದುವು. ಅವಸರದ ಒಡೆಯನಾಗಿದ್ದರೆ, ಆ ಪದವಿಗೇರಿದ ಮೊದಲ ಕರಿಯನ ಕಥೆ ಅಷ್ಟಕ್ಕೇ ಮುಗಿಯಬಹುದಾಗಿತ್ತು. ಅವಸರದ ಅಳತೆಯಿಂದ ಒಬ್ಬನ ಅನ್ನ ಹೋಗುತ್ತದೆ; ಅವನು ನೆಟ್ಟ ಸಸಿಯೂ ಆರೈಕೆಯಿಲ್ಲದೆ ಒಣಗಬಹುದು. ಯಾರ ಕೆಲಸವನ್ನೇ ಆಗಲಿ ತೂಗುವಾಗ, ಆ ದಿನ ಅವನಿಗೆ ಏನು ತಿಳಿದಿತ್ತು, ಕೈಯಲ್ಲಿ ಏನಿತ್ತು, ಏನನ್ನು ತೆತ್ತ ಎಂದು ಕೇಳಿದ ಮೇಲೆಯೇ ಗೆದ್ದನೆ ಸೋತನೆ ಎಂದು ಕೇಳುವುದು ನ್ಯಾಯ.