ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ ಮೇಲೂ ಶಬ್ದವೇ? ಪಿನ್ ನೋಡಿಸಿ

ಬ್ರೇಕ್ ಕೆಲಸ ಮುಗಿಸಿ ಗ್ಯಾರೇಜಿನಿಂದ ಕಾರು ತಂದ ಎರಡೇ ದಿನಕ್ಕೆ ಸಿಗ್ನಲ್‌ನಲ್ಲಿ ‘ಕೀಂಯ್’ ಎಂದು ಕೂಗಿದರೆ ಜನ ಎರಡರಲ್ಲೊಂದು ಮಾಡುತ್ತಾರೆ. ‘ಹೊಸದಲ್ವಾ, ತಾನಾಗಿ ಸರಿಹೋಗುತ್ತೆ’ ಎಂದು ತಿಂಗಳುಗಟ್ಟಲೆ ಓಡಿಸುತ್ತಾರೆ. ಇಲ್ಲವೇ ಗ್ಯಾರೇಜಿಗೆ ವಾಪಸ್ ಹೋಗಿ ಪ್ಯಾಡಿಗೆ ಎಮರಿ ಪೇಪರ್ ಉಜ್ಜಿಸಿಕೊಂಡು ಬರುತ್ತಾರೆ. ಉಜ್ಜಿದ ಮೇಲೆ ಒಂದು ವಾರ ಸದ್ದಿರುವುದಿಲ್ಲ, ಆಮೇಲೆ ಮತ್ತೆ ಅದೇ ಪಾಡು.

ನಮ್ಮ ಹೆಚ್ಚಿನ ಸಣ್ಣ ಕಾರುಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಡಿಸ್ಕನ್ನು ಎರಡೂ ಕಡೆಯಿಂದ ಪ್ಯಾಡ್‌ಗಳು ಹಿಡಿಯುತ್ತವೆ. ಹಿಡಿಯುವಾಗ ಪ್ಯಾಡ್ ಸಣ್ಣಗೆ ಅದುರಿದರೆ ಆ ನಡುಕವೇ ಕೂಗಾಗಿ ಕೇಳಿಸುತ್ತದೆ.

ಮೊದಲು ಶಬ್ದವನ್ನು ಗುರುತಿಸಿ. ಎಸಿ, ರೇಡಿಯೊ ಆಫ್ ಮಾಡಿ, ಕಿಟಕಿ ಇಳಿಸಿ, ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ನಿಧಾನ ಓಡಿಸಿ. ಗೋಡೆಗೆ ಬಡಿದು ಬರುವ ಸದ್ದಿನಲ್ಲಿ ಯಾವ ಬದಿಯ ಚಕ್ರ ಎಂಬುದು ಚೆನ್ನಾಗಿ ತಿಳಿಯುತ್ತದೆ. ಮಳೆಗಾಲದ ಬೆಳಿಗ್ಗೆ ಮೊದಲ ನಾಲ್ಕೈದು ಸಲ ಬ್ರೇಕ್ ಒತ್ತಿದಾಗ ಬರುವ ಕರಕರ ಸದ್ದು ರಾತ್ರಿ ಡಿಸ್ಕ್ ಮೇಲೆ ಹಿಡಿದ ತುಕ್ಕಿನದು, ಅದಕ್ಕೆ ಹೆದರಬೇಡಿ. ಬ್ರೇಕ್ ಒತ್ತಿದಾಗ ಮಾತ್ರ ‘ಕೀಂಯ್’ ಎಂದರೆ ಮುಂದಿನ ಹೆಜ್ಜೆಗೆ ಹೋಗಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ‘ಗರ್ರ್’ ಎಂದರೆ ಅಥವಾ ಪೆಡಲ್ ಎಂದಿಗಿಂತ ಕೆಳಗೆ ಇಳಿದರೆ ಕಾರನ್ನು ಅಲ್ಲೇ ನಿಲ್ಲಿಸಿ. ಗ್ಯಾರೇಜಿನವರೇ ಬಂದು ನೋಡಲಿ.

ಹೊಸ ಪ್ಯಾಡ್ ಡಿಸ್ಕಿಗೆ ಕೂರಬೇಕು. ಇದನ್ನು ಗ್ಯಾರೇಜಿನಲ್ಲಿ ಹೇಳಿ ಕಳಿಸುವವರು ಕಡಿಮೆ. ಹಾಗೆ ಕೂರಿಸಲು ಬೆಳಿಗ್ಗೆ ಬೇಗ, ಹಿಂದೆ ವಾಹನವಿಲ್ಲದ ನೇರ ರಸ್ತೆಗೆ ಹೋಗಿ. 50 ಕಿ.ಮೀ. ವೇಗದಿಂದ 10ಕ್ಕೆ, ಗಟ್ಟಿಯಾಗಿ ಆದರೆ ಚಕ್ರ ಲಾಕ್ ಆಗದಂತೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಅರ್ಧ ನಿಮಿಷ ಓಡಿಸಿ ಮತ್ತೆ ಹಾಗೆಯೇ ಮಾಡಿ. ಎಂಟು ಹತ್ತು ಸಲ ಸಾಕು. ನಂತರ ಹತ್ತು ನಿಮಿಷ ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ ತಣಿಸಿ. ಕಾದ ಡಿಸ್ಕ್ ಮೇಲೆ ಪೆಡಲ್ ಒತ್ತಿ ಹಿಡಿದು ನಿಂತರೆ ಪ್ಯಾಡಿನ ಅಚ್ಚು ಒಂದೇ ಕಡೆ ಕೂತು, ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ.

ಇಷ್ಟಾದ ಮೇಲೂ, ಇನ್ನೂರು ಮುನ್ನೂರು ಕಿ.ಮೀ. ಓಡಿದ ಮೇಲೂ ಕೂಗು ನಿಲ್ಲದಿದ್ದರೆ ಗ್ಯಾರೇಜಿಗೆ ಹೋಗಿ ಚಕ್ರ ಬಿಚ್ಚಿಸಿ, ಪಕ್ಕದಲ್ಲೇ ನಿಲ್ಲಿ. ಬಾಯಿಬಿಟ್ಟು ಕೇಳಬೇಕಾದದ್ದು ಒಂದೇ: ‘ಕ್ಯಾಲಿಪರ್ ಪಿನ್ ಹೊರಗೆ ತೆಗೆದು ತೋರಿಸಿ.’

ಪ್ಯಾಡ್‌ಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗವೇ ಕ್ಯಾಲಿಪರ್. ಅದು ಎರಡು ಪಿನ್‌ಗಳ ಮೇಲೆ ಆಚೀಚೆ ಸರಿಯುತ್ತದೆ. ಪಿನ್ನಿನ ತುದಿಗೆ ರಬ್ಬರ್ ಬೂಟ್ ಇರುತ್ತದೆ. ಅದು ಹರಿದರೆ ನೀರು, ಧೂಳು ಒಳಗಿಳಿದು ಪಿನ್ ಹಿಡಿದುಕೊಳ್ಳುತ್ತದೆ. ಆಗ ಎರಡು ಪ್ಯಾಡ್‌ಗಳ ಮೇಲೆ ಒತ್ತಡ ಸಮನಾಗಿ ಬೀಳುವುದಿಲ್ಲ, ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಸವರುತ್ತಲೇ ಇರುತ್ತದೆ. ಅವಸರದ ಗ್ಯಾರೇಜಿನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ ಒಳಗೆ ಒತ್ತಿ, ಪ್ಯಾಡ್ ಇಟ್ಟು, ಬೋಲ್ಟ್ ಬಿಗಿದರೆ ಕೆಲಸ ಮುಗಿಯಿತು. ಪಿನ್ ಯಾರೂ ಮುಟ್ಟುವುದಿಲ್ಲ. ನನ್ನ ಕಾರಿಗೆ ಹೀಗೇ ಆಗಿತ್ತು. ಚಕ್ರದ ಸಂದಿಯಿಂದ ಇಣುಕಿದರೆ ಹೊರಗಿನ ಪ್ಯಾಡ್ ದಪ್ಪಗೆ ಕಾಣುತ್ತಿತ್ತು, ನೆಮ್ಮದಿಯಿಂದ ಓಡಿಸಿದೆ. ಚಾರ್ಮಾಡಿ ಘಾಟಿ ಇಳಿದು ಬಂದ ಮೇಲೆ ಬಿಚ್ಚಿಸಿ ನೋಡಿದರೆ ಒಳಗಿನ ಪ್ಯಾಡ್ ತಗಡು ಕಾಣುವಷ್ಟು ಸವೆದಿತ್ತು, ಡಿಸ್ಕ್ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೀರುಗಳು. ಪಿನ್ ಹೊರಗೆ ಬರಲು ಸುತ್ತಿಗೆಯೇ ಬೇಕಾಯಿತು. ಘಾಟಿಯಲ್ಲಿ ಜೊತೆಗೆ ಮನೆಯವರೆಲ್ಲ ಇದ್ದರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪಿನ್ ಬೆರಳಿನಿಂದ ತಳ್ಳಿದರೆ ಸಲೀಸಾಗಿ ಒಳಹೊರಗೆ ಆಡಬೇಕು. ತುಕ್ಕು ತಿಂದಿದ್ದರೆ ಪಿನ್, ಬೂಟ್ ಎರಡನ್ನೂ ಬದಲಾಯಿಸಿ. ಸವರಬೇಕಾದದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್, ಅದೂ ತೆಳ್ಳಗೆ. ಬೇರಿಂಗ್‌ಗೆ ಹಾಕುವ ಸಾಮಾನ್ಯ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ, ಕೆಲವು ತಿಂಗಳಲ್ಲಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಕೂಗು ನಿಲ್ಲಲೆಂದು ಪ್ಯಾಡಿನ ಮುಖಕ್ಕೋ ಡಿಸ್ಕಿಗೋ ಎಣ್ಣೆ, ಸ್ಪ್ರೇ ಹೊಡೆಯುವವರನ್ನೂ ನೋಡಿದ್ದೇನೆ. ಹಾಗೆ ಮಾಡಿದರೆ ಬ್ರೇಕ್ ಹಿಡಿಯುವುದೇ ಇಲ್ಲ. ದಯವಿಟ್ಟು ಯಾರಿಗೂ ಅದನ್ನು ಮಾಡಲು ಬಿಡಬೇಡಿ.

ಚಕ್ರ ಬಿಚ್ಚಿದಾಗಲೇ ಇನ್ನಷ್ಟು ನೋಡಿಸಿ. ಪ್ಯಾಡ್ ಕೂರುವ ಸ್ಟೀಲ್ ಕ್ಲಿಪ್, ಪ್ಯಾಡಿನ ಬೆನ್ನಿಗಿರುವ ತೆಳು ತಗಡು ಬಿಟ್ಟುಹೋಗಿವೆಯೇ? ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಎಚ್ಚರಿಸುವ ಸಣ್ಣ ಲೋಹದ ನಾಲಗೆ ಬಾಗಿ ಈಗಲೇ ತಾಗುತ್ತಿದೆಯೇ? ಡಿಸ್ಕ್ ಹಿಂದಿನ ಧೂಳುತಡೆ ತಗಡು ಬಗ್ಗಿದೆಯೇ? ಕನಿಷ್ಠ ಎಷ್ಟು ದಪ್ಪ ಇರಬೇಕೆಂದು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಕೊರೆದಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಡಿಸ್ಕನ್ನು ಲೇತ್‌ಗೆ ಕಳಿಸಬೇಡಿ, ಹೊಸದು ಹಾಕಿಸಿ.

ಶಬ್ದ ಹಿಂದಿನಿಂದ ಬರುತ್ತಿದ್ದರೆ ಡ್ರಮ್ ಬಿಚ್ಚಿ ಧೂಳು ತೆಗೆಸಿ, ಬ್ರೇಕ್ ಶೂ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿಸಿ. ಗ್ಯಾರೇಜಿನಿಂದ ಹೊರಡುವ ಮುನ್ನ, ಕಾರು ನಿಂತಿರುವಾಗಲೇ, ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಿ. ನೂರು ಕಿ.ಮೀ. ಓಡಿದ ಮೇಲೆ ಚಕ್ರದ ನಟ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿಸಿಕೊಳ್ಳಿ.